ಯಂತ್ರದ ಸಾಕ್ಷ್ಯ ಮತ್ತು ಅದರ ಪಾಟೀಸವಾಲು

ನ್ಯಾಯಸ್ಥಾನದಲ್ಲಿ ಸಾಕ್ಷಿದಾರನು ಕಟಕಟೆಯನ್ನೇರಿ ಪ್ರಮಾಣಮಾಡಿ ನುಡಿದ ಮಾತ್ರಕ್ಕೆ ಅವನ ಮಾತು ಸತ್ಯವಾಗಿಬಿಡುವುದಿಲ್ಲ. ಎದುರುಪಕ್ಷದ ವಕೀಲರು ಎದ್ದುನಿಂತು ಪಾಟೀಸವಾಲು ಮಾಡುತ್ತಾರೆ. ನೀನು ಎಲ್ಲಿ ನಿಂತಿದ್ದೆ, ಆಗ ಬೆಳಕು ಎಷ್ಟಿತ್ತು, ಈ ಮಾತನ್ನು ನಿನಗೆ ಹೇಳಿಕೊಟ್ಟವರು ಯಾರು ಎಂದು ಕೇಳುತ್ತಾರೆ. ಇಷ್ಟಾದ ಮೇಲೆ ಉಳಿದುದನ್ನು ನ್ಯಾಯಾಧೀಶರು ತೂಗಿನೋಡುತ್ತಾರೆ. ಮನುಷ್ಯನ ಸಾಕ್ಷ್ಯಕ್ಕೆ ನಾವು ಇಷ್ಟು ಕಾವಲನ್ನಿಟ್ಟಿದ್ದೇವೆ. ಯಂತ್ರವೊಂದು ಸಾಕ್ಷಿ ನುಡಿದರೆ ಮಾತ್ರ ಈ ಕಾವಲೆಲ್ಲ ಕರಗಿಹೋಗುತ್ತದೆ. "ಯಂತ್ರದಲ್ಲಿ ಹಾಗೆ ದಾಖಲಾಗಿದೆ" ಎಂದೊಡನೆ ದೊಡ್ಡ ದೊಡ್ಡ ಅಧಿಕಾರಿಗಳೂ ಮರುಮಾತಾಡದೆ ಫೈಲನ್ನು ಮುಚ್ಚಿಬಿಡುತ್ತಾರೆ. ಈ ಭಕ್ತಿಯು ಯುಕ್ತವಲ್ಲವೆಂಬುದಕ್ಕೆ 2015ರಿಂದ ಈಚೆಗೆ ವಿಜ್ಞಾನಿಗಳು ತೋರಿಸಿಕೊಟ್ಟಿರುವ ಒಂದು ವಿಚಿತ್ರವಾದ ನಿದರ್ಶನವನ್ನೂ, ಅದಕ್ಕೆ ಹುಡುಕುತ್ತಿರುವ ಪರಿಹಾರವನ್ನೂ ಇಂದು ವಾಚಕರ ಮುಂದೆ ಇಡಬೇಕೆಂದಿದ್ದೇವೆ.

ಈಗ ಪೇಟೆಯಲ್ಲಿ ಓಡಾಡುವ ಪ್ರತಿಯೊಬ್ಬ ಗೃಹಸ್ಥರ ಜೇಬಿನಲ್ಲಿಯೂ ಮೊಬೈಲ್ ಫೋನು ಇರುವುದಷ್ಟೆ. ಅದನ್ನು ಅಡ್ಡಲಾಗಿ ಹಿಡಿದರೆ ಚಿತ್ರವೂ ಅಡ್ಡಲಾಗಿ ತಿರುಗಿಕೊಳ್ಳುತ್ತದೆ. ನಡೆದರೆ ಹೆಜ್ಜೆಗಳನ್ನು ಎಣಿಸುತ್ತದೆ. ಈ ಕೆಲಸವನ್ನು ಮಾಡುವುದು ಅದರೊಳಗಿನ ಚಲನ ಸೆನ್ಸರು, ಅಂದರೆ ಚಲನೆಯನ್ನು ಅರಿಯುವ ಬಿಡಿಭಾಗ. ಇದರಲ್ಲಿ ಎರಡು ಬಗೆಗಳು ಮುಖ್ಯವಾದವು. ವೇಗದ ಏರಿಳಿತವನ್ನು ಅಳೆಯುವುದು ಆಕ್ಸೆಲರೋಮೀಟರು. ತಿರುಗುವಿಕೆಯನ್ನು ಅಳೆಯುವುದು ಗೈರೋಸ್ಕೋಪು. ಹಿಂದಿನ ಕಾಲದ ಗೈರೋಸ್ಕೋಪು ಬುಗುರಿಯಂತೆ ಸುತ್ತುವ ಭಾರವಾದ ಚಕ್ರವಾಗಿತ್ತು. ಈಗಿನದಾದರೋ ಸುಮಾರು ನಾಲ್ಕು ಮಿಲಿಮೀಟರ್ ಚೌಕದ ಚಿಪ್ಪಿನೊಳಗೆ ಸಿಲಿಕಾನಿನಲ್ಲಿ ಕೆತ್ತಿದ ಅತಿ ಸೂಕ್ಷ್ಮವಾದ ಒಂದು ತೂಕ. ಅದು ಕೂದಲಿಗಿಂತ ಸಪೂರವಾದ ಸ್ಪ್ರಿಂಗುಗಳಲ್ಲಿ ತೂಗಿಕೊಂಡು ಸೆಕೆಂಡಿಗೆ ಸಾವಿರಾರು ಸಲ ಅತ್ತಿತ್ತ ಅಲುಗುತ್ತಿರುತ್ತದೆ. ಚಿಪ್ಪು ತಿರುಗಿದರೆ ಈ ಅಲುಗಾಟವು ಪಕ್ಕಕ್ಕೆ ವಾಲುತ್ತದೆ. ಫ್ರಾನ್ಸಿನ ಕೊರಿಯೊಲಿಸನು 1835ರಲ್ಲಿ ವಿವರಿಸಿದ ಬಲವೇ ಇದಕ್ಕೆ ಕಾರಣ. ಎಷ್ಟು ವಾಲಿತೆಂಬುದನ್ನು ವಿದ್ಯುತ್ತಿನಿಂದ ಅಳೆದು, ಇಂತಿಷ್ಟು ತಿರುಗಿತು ಎಂದು ಸೆನ್ಸರು ವರದಿ ಕೊಡುತ್ತದೆ.

ಫೋನಿನಲ್ಲಿ ಈ ವರದಿ ತಪ್ಪಾದರೆ ಹೆಜ್ಜೆಯ ಲೆಕ್ಕ ಕೆಡಬಹುದು, ಅಷ್ಟೆ. ಡ್ರೋನಿನ ಸ್ಥಿತಿ ಬೇರೆ. ನಾಲ್ಕು ರೆಕ್ಕೆಗಾಲಿಗಳ ಆ ಪುಟ್ಟ ವಿಮಾನವು ತಾನಾಗಿ ಗಾಳಿಯಲ್ಲಿ ನೆಟ್ಟಗೆ ನಿಲ್ಲಲಾರದು. ಅದರ ಗಣಕವು ಗೈರೋಸ್ಕೋಪಿನ ವರದಿಯನ್ನು ಸೆಕೆಂಡಿಗೆ ನೂರಾರು ಸಲ ಓದಿ, ಎಡಕ್ಕೆ ವಾಲಿದ್ದರೆ ಎಡಗಾಲಿಗೆ ವೇಗವನ್ನು ಹೆಚ್ಚಿಸಿ, ಕ್ಷಣಕ್ಷಣಕ್ಕೂ ಸಮತೋಲವನ್ನು ಕಾಯುತ್ತಿರಬೇಕು. ವರದಿ ಸುಳ್ಳಾದರೆ ಇಲ್ಲದ ವಾಲುವಿಕೆಯನ್ನು ತಿದ್ದಲು ಹೋಗಿ ಡ್ರೋನು ತನ್ನನ್ನು ತಾನೇ ಕೆಡಹಿಕೊಳ್ಳುತ್ತದೆ. ಹೀಗೆ ಬಿದ್ದಾಗ ಯಂತ್ರದ ಯಾವ ಭಾಗವೂ ಕೆಟ್ಟಿರುವುದಿಲ್ಲ ಎಂಬುದನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಈ ಮಾತು ಉಪಯೋಗಕ್ಕೆ ಬರುತ್ತದೆ.

ಈ ಸುಳ್ಳನ್ನು ಹೇಳಿಸುವುದು ಹೇಗೆ? ಶಬ್ದದಿಂದ. ತಂಬೂರಿಯ ಎರಡು ತಂತಿಗಳನ್ನು ಒಂದೇ ಶ್ರುತಿಗೆ ಕೂಡಿಸಿ ಒಂದನ್ನು ಮೀಟಿದರೆ ಮುಟ್ಟದ ಇನ್ನೊಂದೂ ಮೆಲ್ಲಗೆ ನುಡಿಯುತ್ತದೆ. ನಮ್ಮ ಮುದ್ರಣಾಲಯದಲ್ಲಿಯೂ ಯಂತ್ರವು ಒಂದು ನಿರ್ದಿಷ್ಟವಾದ ವೇಗಕ್ಕೆ ಬಂದಾಗ ಮಾತ್ರ ಆಫೀಸಿನ ಕಪಾಟಿನ ಗಾಜು ಗುಂಯ್ಗುಡಲು ಮೊದಲುಮಾಡುತ್ತದೆ. ವೇಗ ಇನ್ನೂ ಸ್ವಲ್ಪ ಹೆಚ್ಚಿದರೆ ಸುಮ್ಮನಾಗುತ್ತದೆ. ಪ್ರತಿಯೊಂದು ವಸ್ತುವಿಗೂ ತನ್ನದೇ ಆದ ಒಂದು ಶ್ರುತಿಯುಂಟು. ಹೊರಗಿನಿಂದ ಆ ಶ್ರುತಿಯ ನಾದ ಬಂದರೆ ಅದು ತಾನೂ ಕುಣಿಯುತ್ತದೆ. ಇದನ್ನು ವಿಜ್ಞಾನಿಗಳು ಅನುರಣನವೆನ್ನುತ್ತಾರೆ. ಚಿಪ್ಪಿನೊಳಗಿನ ತೂಕವೂ ಸ್ಪ್ರಿಂಗೂ ಈ ನಿಯಮಕ್ಕೆ ಹೊರತಲ್ಲ. ಅವುಗಳ ಶ್ರುತಿಯನ್ನು ಬಲ್ಲವನೊಬ್ಬನು ಅದೇ ನಾದವನ್ನು ಸಾಕಷ್ಟು ಜೋರಾಗಿ ಹೊರಡಿಸಿದರೆ, ಚಿಪ್ಪು ನಿಶ್ಚಲವಾಗಿದ್ದರೂ ಒಳಗಿನ ತೂಕವು ಅಲುಗಿ, ತಾನು ತಿರುಗಿದೆನೆಂದು ವರದಿ ಕೊಡುತ್ತದೆ.

ಇದು ಕಟ್ಟುಕಥೆಯಲ್ಲ. ದಕ್ಷಿಣ ಕೊರಿಯದ ಕಾಯಿಸ್ಟ್ ವಿದ್ಯಾಸಂಸ್ಥೆಯ ಸಂಶೋಧಕರು 15 ಬಗೆಯ ಗೈರೋಸ್ಕೋಪುಗಳನ್ನು ಧ್ವನಿಯಿಂದ ಪರೀಕ್ಷಿಸಿ, ಅವುಗಳಲ್ಲಿ 7 ಬಗೆಗಳು ತಮ್ಮ ಶ್ರುತಿಯ ನಾದಕ್ಕೆ ಮರುಳಾಗುವುವೆಂದು 2015ರಲ್ಲಿ ಪ್ರಕಟಿಸಿದರು. ಬಳಿಕ ಎರಡು ಡ್ರೋನುಗಳ ಮೇಲೆ ಪ್ರಯೋಗ ಮಾಡಿದರು. ಹಾರುತ್ತಿದ್ದ ಡ್ರೋನಿಗೆ ಕಟ್ಟಿದ್ದ ಸಣ್ಣ ಸ್ಪೀಕರಿನಿಂದ ಆ ನಾದವನ್ನು ಹೊರಡಿಸಿದೊಡನೆ ಎರಡರಲ್ಲಿ ಒಂದು ಹತೋಟಿ ತಪ್ಪಿ ನೆಲಕ್ಕೆ ಬಿತ್ತು. ಸ್ಪೀಕರು ಅಷ್ಟು ಹತ್ತಿರವಿದ್ದುದರಿಂದ ಇದೇನು ಮಹಾ ವಿಷಯವೆಂದು ಕೇಳಬಹುದು. ಒಂದು ಮೀಟರ್ ದೂರದಲ್ಲಿ 140 ಡೆಸಿಬೆಲ್ ಧ್ವನಿಯನ್ನು ಕೊಡಬಲ್ಲ ಸಾಧನವಿದ್ದರೆ ಸುಮಾರು 40 ಮೀಟರ್ ದೂರದಿಂದಲೂ ಇದು ಸಾಧ್ಯವೆಂಬುದು ಅವರ ಲೆಕ್ಕಾಚಾರ.

ಎರಡು ವರ್ಷಗಳ ಮೇಲೆ, 2017ರಲ್ಲಿ, ಅಮೆರಿಕದ ಮಿಷಿಗನ್ ಮತ್ತು ದಕ್ಷಿಣ ಕೆರೊಲಿನಾ ವಿಶ್ವವಿದ್ಯಾಲಯಗಳವರು ಇನ್ನೂ ಮುಂದಕ್ಕೆ ಹೋದರು. ಐದು ಕಂಪನಿಗಳ 20 ಮಾದರಿಯ ಆಕ್ಸೆಲರೋಮೀಟರುಗಳನ್ನು ತೆಗೆದುಕೊಂಡು ನೋಡಿದಾಗ ನೂರಕ್ಕೆ 75ರಷ್ಟು ಶಬ್ದದಿಂದ ಕದಡಿದವು. ನೂರಕ್ಕೆ 65ರಷ್ಟಂತೂ ಹೇಳಿಕೊಟ್ಟದ್ದನ್ನೇ ಒಪ್ಪಿಸಿದವು. ಐದು ಡಾಲರಿನ ಸ್ಪೀಕರೊಂದರಿಂದ ಕೈಗೆ ಕಟ್ಟುವ ಫಿಟ್‌ಬಿಟ್ ಎಂಬ ಯಂತ್ರಕ್ಕೆ, ಯಾರೂ ನಡೆಯದ ಸಾವಿರಾರು ಹೆಜ್ಜೆಗಳನ್ನು ಎಣಿಸುವಂತೆ ಮಾಡಿದರು. ಫೋನೊಂದರಲ್ಲಿ ಸಂಗೀತದ ವೇಷದ ಕಡತವೊಂದನ್ನು ನುಡಿಸಿ, ಆ ಫೋನಿನ ಸೆನ್ಸರನ್ನು ನಂಬಿ ನಡೆಯುತ್ತಿದ್ದ ಆಟದ ಕಾರನ್ನು ತಮಗೆ ಬೇಕಾದಂತೆ ಓಡಿಸಿದರು. ಎಲ್ಲಕ್ಕಿಂತ ಹೆಚ್ಚಾಗಿ, ಮತ್ತೊಂದು ಫೋನಿನ ಸೆನ್ಸರಿನ ವರದಿಯನ್ನು ನಕ್ಷೆಯಾಗಿ ಬಿಡಿಸಿದಾಗ ಅದರಲ್ಲಿ "ವಾಲ್‌ನಟ್" ಎಂಬ ಇಂಗ್ಲಿಷ್ ಶಬ್ದದ ಅಕ್ಷರಗಳು ಮೂಡುವಂತೆ ಮಾಡಿದರು. ಅದೇ ಮಾರ್ಚಿಯಲ್ಲಿ ಅಮೆರಿಕದ ಸರಕಾರವು ಕೈಗಾರಿಕೆಗಳಿಗೆ ಎಚ್ಚರಿಕೆಯ ಪ್ರಕಟನೆಯನ್ನು ಹೊರಡಿಸಿತು.

ಸಾಕ್ಷಿದಾರನನ್ನು ಹೆದರಿಸಿ ತೊದಲುವಂತೆ ಮಾಡುವುದು ಒಂದು. ಅವನ ಬಾಯಿಂದ ತನಗೆ ಬೇಕಾದ ಕಥೆಯನ್ನು ಅಚ್ಚುಕಟ್ಟಾಗಿ ಹೇಳಿಸುವುದು ಇನ್ನೊಂದು. ಕೊರಿಯದವರು ಮೊದಲನೆಯದನ್ನು ತೋರಿಸಿದರೆ ಮಿಷಿಗನ್ನಿನವರು ಎರಡನೆಯದನ್ನು ತೋರಿಸಿದರು.

ಈ ಎರಡನೆಯದು ಸಾಧ್ಯವಾದದ್ದು ಸೆನ್ಸರಿನ ತೂಕದ ದೋಷದಿಂದ ಮಾತ್ರವಲ್ಲ. ಅದರ ಹಿಂದಿನ ವಿದ್ಯುನ್ಮಂಡಲದಲ್ಲಿಯೂ ಸಡಿಲವಿತ್ತು. ಸಿನಿಮಾದಲ್ಲಿ ಮುಂದಕ್ಕೆ ಓಡುವ ಗಾಡಿಯ ಚಕ್ರಗಳು ಹಿಂದಕ್ಕೆ ತಿರುಗುವಂತೆ ಕಾಣುವುದನ್ನು ವಾಚಕರು ನೋಡಿರಬಹುದು. ಕ್ಯಾಮೆರಾವು ಸೆಕೆಂಡಿಗೆ ಇಂತಿಷ್ಟೇ ಚಿತ್ರಗಳನ್ನು ತೆಗೆಯುವುದರಿಂದ ನಡುವೆ ಆದ ಚಲನೆ ಕಾಣದೆ, ವೇಗದ ಚಲನೆಯು ನಿಧಾನದ ಚಲನೆಯ ವೇಷವನ್ನು ತೊಡುತ್ತದೆ. ಸೆನ್ಸರೂ ಹೀಗೆಯೇ ಬಿಟ್ಟುಬಿಟ್ಟು ಅಳೆಯುವುದು. ಸೆಕೆಂಡಿಗೆ ಸಾವಿರಾರು ಸಲದ ಕಂಪನವು ಸೋಸುವ ಜರಡಿಯನ್ನು ದಾಟಿ ಒಳಗೆ ಬಂದರೆ, ಮೆಲ್ಲನೆ ವಾಲುತ್ತಿರುವ ಸಹಜ ಚಲನೆಯಂತೆ ತೋರುತ್ತದೆ. ವರ್ಧಕವು ತನ್ನ ಶಕ್ತಿಯನ್ನು ಮೀರಿದ ಸಂಕೇತವನ್ನು ಕತ್ತರಿಸುವುದರಿಂದಲೂ ಇಂಥ ಮೋಸವಾಗುತ್ತದೆ. ಜರಡಿಯೂ ವರ್ಧಕವೂ ಗಟ್ಟಿಯಾಗಿದ್ದರೆ ಈ ಕಳ್ಳಗಂಡಿಯು ಬಹುಮಟ್ಟಿಗೆ ಮುಚ್ಚುತ್ತಿತ್ತು. ನಾಲ್ಕು ಕಾಸು ಉಳಿಸುವುದಕ್ಕಾಗಿ ಆದ ಲೋಪಗಳೆಂದೇ ಇವನ್ನು ನಾವು ಎಣಿಸುತ್ತೇವೆ.

ಜಾತ್ರೆಯ ಧ್ವನಿವರ್ಧಕದಿಂದ ನಾಳೆಯೇ ಡ್ರೋನುಗಳೆಲ್ಲ ಉದುರುವುವೆಂದು ಯಾರೂ ಗಾಬರಿಪಡಬೇಕಾದುದಿಲ್ಲ. ಜೋರು ಮಾತ್ರ ಸಾಲದು, ಶ್ರುತಿಯೂ ಕೂಡಬೇಕು; ಆ ಶ್ರುತಿಯೋ ಒಂದೊಂದು ಮಾದರಿಗೆ ಒಂದೊಂದು. ಮೇಲೆ ಹೇಳಿದುವೆಲ್ಲ ಪ್ರಯೋಗಶಾಲೆಯವರು ಮಾಡಿ ತೋರಿಸಿದುವು. ಆದರೆ ಅನೇಕ ಗೈರೋಸ್ಕೋಪುಗಳ ಶ್ರುತಿಯು ಸೆಕೆಂಡಿಗೆ 20,000 ಕಂಪನಗಳ ಆಚೆಗೆ, ಮನುಷ್ಯನ ಕಿವಿಗೆ ನಿಲುಕದ ಎತ್ತರದಲ್ಲಿದೆ. ಅಂಥ ನಾದವನ್ನು ಯಾರಾದರೂ ಹೊರಡಿಸಿದರೆ ಡ್ರೋನನ್ನು ಹಾರಿಸುವವರು ಪಕ್ಕದಲ್ಲೇ ನಿಂತಿದ್ದರೂ ಅವರಿಗೆ ಏನೂ ಕೇಳಿಸುವುದಿಲ್ಲ. ಬಿದ್ದ ಮೇಲೆ "ಏನೋ ಶಬ್ದವಾಯಿತು" ಎಂದು ಹೇಳುವುದಕ್ಕೂ ಬಾಯಿಲ್ಲ.

ಈ ಕೇಳಿಸದ ಮೋಸವನ್ನು ಪತ್ತೆಹಚ್ಚುವುದಕ್ಕೆ ಈಗ ಮುಂದೆ ಬಂದಿರುವ ಉಪಾಯಗಳಲ್ಲಿ ಒಂದು ಡೀಪ್ ಲರ್ನಿಂಗ್ ಎಂಬ ಗಣಕವಿದ್ಯೆ. ಆಳವಾದ ಕಲಿಕೆಯೆಂದು ಇದನ್ನು ಕನ್ನಡಿಸಬಹುದು. ಹೆಸರನ್ನು ಕೇಳಿ ಇದರಲ್ಲಿ ಮಹಾ ಪಾಂಡಿತ್ಯವಿದೆಯೆಂದು ಭ್ರಮಿಸಬೇಕಾಗಿಲ್ಲ. ಲೆಕ್ಕವು ಒಂದರ ಕೆಳಗೊಂದು ಅನೇಕ ಪದರಗಳಲ್ಲಿ ನಡೆಯುವುದರಿಂದ ಆಳವೆಂಬ ಮಾತು ಬಂದಿದೆ. ಇದರ ಬಗೆಯನ್ನು ತಿಳಿಯಬೇಕಾದರೆ ಹಳೆಯ ಕಾಲದ ಚಿನಿವಾರನನ್ನು ನೆನೆದುಕೊಳ್ಳಬಹುದು. ನಾಣ್ಯವನ್ನು ಹಲಗೆಯ ಮೇಲೆ ಚಿಮ್ಮಿ ಅದರ ದನಿಯಿಂದಲೇ ಖೋಟಾ ಎಂದು ಹೇಳಿಬಿಡುತ್ತಿದ್ದ. ಹೇಗೆ ಗೊತ್ತಾಯಿತೆಂದು ಕೇಳಿದರೆ ನಿಯಮವನ್ನು ಹೇಳಲಾರ. ಸಾವಿರಾರು ಒಳ್ಳೆಯ ನಾಣ್ಯಗಳನ್ನು ಮುಟ್ಟಿ ಮುಟ್ಟಿ ಬಂದ ಅಭ್ಯಾಸವದು. ಗಣಕಕ್ಕೂ ನಿಯಮವನ್ನು ಹೇಳಿಕೊಡದೆ ಲಕ್ಷಾಂತರ ಉದಾಹರಣೆಗಳನ್ನು ತೋರಿಸಿ ಅಭ್ಯಾಸಮಾಡಿಸುತ್ತಾರೆ.

ಅಭ್ಯಾಸದಲ್ಲಿ ಒಂದು ಕ್ರಮವು ನಮಗೆ ಬಹಳ ಹಿಡಿಸಿತು. ಡ್ರೋನು ನೆಟ್ಟಗೆ ಹಾರುತ್ತಿದ್ದಾಗ ಸೆನ್ಸರು ಕೊಟ್ಟ ವರದಿಗಳನ್ನೇ ಗಣಕಕ್ಕೆ ಉಣಿಸಿ, ಪ್ರತಿಯೊಂದನ್ನೂ ಸಂಕ್ಷೇಪಿಸಿ ಪುನಃ ಮೊದಲಿನಂತೆಯೇ ಬರೆಯೆಂದು ವಿಧಿಸುತ್ತಾರೆ. ಪರಿಚಯದ ವರದಿಯನ್ನು ಅದು ಸರಾಗವಾಗಿ ತಿರುಗಿ ಬರೆಯುತ್ತದೆ. ಎಂದೂ ಕಾಣದ ಬಗೆಯ ವರದಿ ಬಂದರೆ ತಡವರಿಸುತ್ತದೆ. ಮೂಲಕ್ಕೂ ಅದು ಬರೆದದ್ದಕ್ಕೂ ಅಂತರ ಹೆಚ್ಚಿದಷ್ಟೂ ಶಂಕೆ ಹೆಚ್ಚು. ಪಾಠಶಾಲೆಯಲ್ಲಿ ಕಲಿತವರಿಗೆ ಇದು ಹೊಸದಲ್ಲ. ಕಂಠಪಾಠ ಮಾಡಿದ ಹುಡುಗನು ಅಭ್ಯಾಸದ ಸರ್ಗವನ್ನು ನೀರು ಹರಿದಂತೆ ಒಪ್ಪಿಸುವನು. ಗುರುಗಳು ನಡುವೆ ಪರಕೀಯವಾದ ಒಂದು ಪಾದವನ್ನು ಸೇರಿಸಿದರೆ ಅಲ್ಲಿಯೇ ಮುಗ್ಗರಿಸುವನು. ಮುಗ್ಗರಿಸಿದ ಕಡೆಯಲ್ಲಿ ಪ್ರಕ್ಷಿಪ್ತವಿದೆಯೆಂದು ಊಹಿಸಬಹುದು. ಈ ಕ್ರಮದ ಗುಣವೇನೆಂದರೆ, ದಾಳಿಯು ಯಾವ ಶ್ರುತಿಯದು, ಯಾರದು ಎಂಬುದು ಮೊದಲೇ ತಿಳಿದಿರಬೇಕಾದುದಿಲ್ಲ. ಸಹಜವಾದದ್ದು ತಿಳಿದಿದ್ದರೆ ಸಾಕು.

ಇನ್ನೊಂದು ಕ್ರಮವು ನಿಜವಾದ ಪಾಟೀಸವಾಲು. ಡ್ರೋನು ತಿರುಗಿತೆಂದು ಗೈರೋಸ್ಕೋಪು ಹೇಳುತ್ತದೆ. ಹಾಗಾದರೆ ಹಾರಿಸುವವರು ತಿರುಗಲು ಆಜ್ಞೆ ಕೊಟ್ಟರೇ? ಮೋಟಾರುಗಳು ಅದಕ್ಕೆ ತಕ್ಕಂತೆ ಓಡಿದವೇ? ದಿಕ್ಸೂಚಿಯೂ ಉಪಗ್ರಹದ ಸ್ಥಾನವರದಿಯೂ ಕ್ಯಾಮೆರಾವೂ ಅದೇ ಮಾತನ್ನು ಹೇಳುತ್ತವೆಯೇ? ಇವುಗಳು ಸಹಜವಾದ ಹಾರಾಟದಲ್ಲಿ ಒಂದಕ್ಕೊಂದು ಹೇಗೆ ಹೊಂದಿಕೊಂಡಿರುತ್ತವೆಂಬುದನ್ನು ಗಣಕವು ಕಲಿತಿದ್ದರೆ ಒಬ್ಬ ಸಾಕ್ಷಿಯು ಬೇರೆಯಾದೊಡನೆ ಗುರುತಿಸುತ್ತದೆ. ಶಬ್ದದಿಂದ ಒಂದೇ ವೇಳೆಗೆ ದಿಕ್ಸೂಚಿಯನ್ನೂ ಉಪಗ್ರಹವನ್ನೂ ಮರುಳುಮಾಡುವುದು ಸಾಧ್ಯವಲ್ಲವಷ್ಟೆ. 2023ರಲ್ಲಿ ಕೊರಿಯದ ಸಂಶೋಧಕರು ಇನ್ನೊಂದು ಹೆಜ್ಜೆಯನ್ನಿಟ್ಟು, ಶಬ್ದದಿಂದ ಕದಡಿದ ವರದಿಯೊಳಗಿಂದ ನಿಜವಾದ ಚಲನೆಯನ್ನು ಸೋಸಿ ತೆಗೆಯುವುದಕ್ಕೂ ಇದೇ ಜಾತಿಯ ಗಣಕವನ್ನು ಉಪಯೋಗಿಸಿದ್ದಾರೆ.

ಇಷ್ಟನ್ನು ಓದಿ ನಮ್ಮ ಕೆಲವು ಇಲಾಖೆಯವರು ಮುಂದಿನ ಟೆಂಡರಿನಲ್ಲಿಯೇ "ಕೃತಕ ಬುದ್ಧಿಮತ್ತೆಯಿಂದ ಕೂಡಿದ" ಎಂಬ ಮೂರು ಶಬ್ದಗಳನ್ನು ಸೇರಿಸಿ ಕೃತಾರ್ಥರಾಗಬಹುದೆಂಬ ಭಯ ನಮಗುಂಟು. ಈಗಿನ ಕಾಲದಲ್ಲಿ ಆ ಶಬ್ದಗಳು ಹಳೆಯ ಔಷಧದ ಜಾಹಿರಾತುಗಳ "ಸರ್ವರೋಗಪರಿಹಾರಿ"ಯಂತಾಗಿವೆ. ಆದುದರಿಂದ ಈ ಕಾವಲುಗಾರನ ಕುಂದುಗಳನ್ನೂ ಹೇಳಬೇಕು.

ಗಣಕವು ಸೆಕೆಂಡಿಗೊಂದು ತೀರ್ಪು ಕೊಡುವುದೆಂದು ಇಟ್ಟುಕೊಳ್ಳೋಣ. 15 ನಿಮಿಷದ ಒಂದು ಹಾರಾಟದಲ್ಲಿ 900 ತೀರ್ಪುಗಳು. ಸಾವಿರ ತೀರ್ಪಿಗೆ ಒಂದು ಮಾತ್ರ ಸುಳ್ಳು ಕೂಗು, ನೂರಕ್ಕೆ 99.9 ಸರಿ, ಎಂದು ಕಂಪನಿಯವರು ಹೇಳಿದರೆ ಕೇಳುವುದಕ್ಕೆ ಬಹಳ ಚೆನ್ನಾಗಿದೆ. ಲೆಕ್ಕಹಾಕಿದರೆ ಹೆಚ್ಚುಕಡಮೆ ಹಾರಾಟಕ್ಕೊಂದು ಸುಳ್ಳು ಕೂಗು! ನಿಜವಾದ ದಾಳಿಯು ವರ್ಷಕ್ಕೊಮ್ಮೆಯೂ ಬಾರದಿರುವಲ್ಲಿ ದಿನಕ್ಕೆ ಹತ್ತು ಸಲ ಕೂಗುವ ಕಾವಲುಗಾರನ ಮಾತಿಗೆ ಯಾರು ಎದ್ದು ಕೂರುತ್ತಾರೆ? ತಿಂಗಳೊಳಗೆ ಆ ಕೂಗನ್ನು ನಿಲ್ಲಿಸುವ ಗುಂಡಿಯನ್ನು ಹುಡುಕುತ್ತಾರೆ. ನೂರಕ್ಕೆ ಇಷ್ಟು ಎಂಬ ಅಂಕೆಯನ್ನು ಪತ್ರದಲ್ಲಿ ಕಂಡಾಗ, ಒಂದು ಹಾರಾಟಕ್ಕೆ ಎಷ್ಟು ಕೂಗು ಎಂದು ಕೇಳುವ ಅಭ್ಯಾಸವನ್ನು ಅಧಿಕಾರಿಗಳು ಮಾಡಿಕೊಂಡರೆ ಸರಕಾರದ ಹಣ ಎಷ್ಟೋ ಉಳಿಯುವುದು.

ಎರಡನೆಯದಾಗಿ, ಸಹಜವೆಂದರೆ ಯಾವ ದೇಶದ ಸಹಜ? ತಣ್ಣನೆಯ ಪ್ರಯೋಗಶಾಲೆಯಲ್ಲಿ ಬರಿದಾದ ಡ್ರೋನು ಹಾರುವುದು ಒಂದು ರೀತಿ. ಹತ್ತು ಲೀಟರು ಔಷಧದ ತೊಟ್ಟಿಯನ್ನು ಹೊತ್ತು, ಆ ನೀರು ಒಳಗೇ ಕುಲುಕುತ್ತಿರಲು, ಬಯಲುಸೀಮೆಯ ಏಪ್ರಿಲ್ ತಿಂಗಳ ಸುಳಿಗಾಳಿಯಲ್ಲಿ, ಕಳೆದ ವಾರ ಮರಕ್ಕೆ ತಾಗಿ ಅಂಚು ಮುಕ್ಕಾದ ರೆಕ್ಕೆಯಿಂದ ಹಾರುವುದು ಇನ್ನೊಂದು ರೀತಿ. ಅಲ್ಲಿ ಕಲಿತು ಬಂದ ಗಣಕಕ್ಕೆ ಇಲ್ಲಿಯದೆಲ್ಲವೂ ದಾಳಿಯಂತೆಯೇ ಕಾಣಬಹುದು. ಆದುದರಿಂದ ಈ ಗಣಕದ ಅಭ್ಯಾಸವು ನಮ್ಮ ಹೊಲಗಳ ಮೇಲೆ, ನಮ್ಮ ಬಿಸಿಲಿನಲ್ಲಿ ನಡೆಯಬೇಕು. ಹೊರಗಿನಿಂದ ತರಿಸಿ ಪೆಟ್ಟಿಗೆ ಬಿಚ್ಚಿ ಜೋಡಿಸುವ ಸರಕಲ್ಲ ಇದು. ಈ ಅಭ್ಯಾಸಕ್ಕೆ ಇನ್ನೊಂದು ಲಾಭವೂ ಇದೆ. ಸಹಜವನ್ನು ಚೆನ್ನಾಗಿ ಬಲ್ಲ ಗಣಕವು ಸಡಿಲವಾದ ತಿರುಪನ್ನೂ ಸವೆದ ಬೇರಿಂಗನ್ನೂ ಮುಕ್ಕಾದ ರೆಕ್ಕೆಯನ್ನೂ ಗುರುತಿಸುತ್ತದೆ. ಶಬ್ದದ ಶತ್ರು ಬರಲಿ ಬಾರದಿರಲಿ, ದಿನನಿತ್ಯದ ಈ ಉಪಕಾರವೇ ಅದರ ಬೆಲೆಯನ್ನು ತೀರಿಸಬಲ್ಲದು.

ಮೂರನೆಯ ಕುಂದು ಎಲ್ಲಕ್ಕಿಂತ ದೊಡ್ಡದು. ಮಿಷಿಗನ್ನಿನವರು ತೋರಿಸಿದಂತೆ ವರದಿಯನ್ನು ಅಕ್ಷರಗಳಂತೆ ತಿದ್ದಿ ಬರೆಯಬಲ್ಲವನು ಸಹಜದಂತೆಯೇ ಕಾಣುವ ಸುಳ್ಳನ್ನೂ ಬರೆಯಬಲ್ಲನು. ಒಮ್ಮೆಲೇ ತಳ್ಳದೆ ಎಳ್ಳಷ್ಟು ಎಳ್ಳಷ್ಟಾಗಿ ವಾಲಿಸಿದರೆ ಕಲಿತ ಕಾವಲುಗಾರನೂ ಮೋಸಹೋಗಬಹುದು. ಆದುದರಿಂದ ಕಾವಲುಗಾರನಿದ್ದಾನೆಂದು ಗೋಡೆಯನ್ನೇ ಕಟ್ಟದಿರುವುದು ಸಲ್ಲದು. ಸೆನ್ಸರಿನ ಸುತ್ತ ಶಬ್ದವನ್ನು ಹೀರುವ ಫೋಮಿನ ಹೊದಿಕೆ, ಗಟ್ಟಿಯಾದ ಜರಡಿ, ಹೊರಗಿನವರಿಗೆ ಲೆಕ್ಕ ಸಿಕ್ಕದಂತೆ ಅಳತೆಯ ಕಾಲವನ್ನು ಕ್ರಮವಿಲ್ಲದೆ ಬದಲಾಯಿಸುತ್ತಿರುವುದು, ಇವು ಸಾಧಾರಣವಾದ ಉಪಾಯಗಳು, ಹೆಚ್ಚಿನ ಖರ್ಚಿಲ್ಲದವು. ತಯಾರಕರು ಈ ಕೆಲಸವನ್ನು ಬಿಟ್ಟು, ತಮ್ಮ ಗಣಕವು ಪತ್ತೆಹಚ್ಚುತ್ತದೆಂದು ಹೇಳಿ ನುಣುಚಿಕೊಳ್ಳಗೊಡಬಾರದು.

ಇಲ್ಲಿ ಸ್ವದೇಶದ ಪ್ರಶ್ನೆಯೂ ಬರುತ್ತದೆ. 2022ರ ಫೆಬ್ರುವರಿಯಲ್ಲಿ ಭಾರತ ಸರಕಾರವು ಸಿದ್ಧವಾದ ಪರದೇಶದ ಡ್ರೋನುಗಳ ಆಮದನ್ನು ಕೆಲವು ವಿನಾಯಿತಿಗಳನ್ನುಳಿದು ನಿಷೇಧಿಸಿತು. ಬಿಡಿಭಾಗಗಳಿಗೆ ಮಾತ್ರ ಅಡ್ಡಿಯಿಲ್ಲವೆಂದಿತು. ಆ ನಿಷೇಧವನ್ನು ನಾವು ಸ್ವಾಗತಿಸುವವರೇ. ಆದರೆ ಮೈಯೆಲ್ಲ ಸ್ವದೇಶಿಯಾಗಿದ್ದು ಕಿವಿಯೊಳಗಿನ ತಕ್ಕಡಿ ಪರದೇಶದ್ದಾದರೆ, ಅದರ ಜರಡಿ ಎಷ್ಟು ಬಿಗಿಯೆಂಬುದನ್ನು ತಯಾರಕರು ಹೇಳಿದಷ್ಟೇ ನಂಬಿಕೊಂಡಿರಬೇಕಾಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೋ ವಿಜ್ಞಾನ ಕೇಂದ್ರದಲ್ಲಿ ಇಂಥ ಸೂಕ್ಷ್ಮ ಸಾಧನಗಳನ್ನು ಕೆತ್ತುವ ವಿದ್ಯೆ ಇದೆ. ವಿಮಾನವಿದ್ಯೆಯ ಪ್ರಯೋಗಶಾಲೆಯೂ ಅದೇ ಊರಿನಲ್ಲಿದೆ. ಎಲ್ಲವನ್ನೂ ನಾಳೆಯೇ ಇಲ್ಲಿ ತಯಾರಿಸಬೇಕೆಂಬ ಹಟ ನಮಗಿಲ್ಲ. ಹೊರಗಿನಿಂದ ಬರುವ ಪ್ರತಿಯೊಂದು ಮಾದರಿಯನ್ನೂ ಕೇಳಿಸುವ ಮತ್ತು ಕೇಳಿಸದ ಶ್ರುತಿಗಳೆರಡರಲ್ಲಿಯೂ ಪರೀಕ್ಷಿಸಿ, ಯಾವ ಶ್ರುತಿಗೆ ಯಾವುದು ಮರುಳಾಗುತ್ತದೆಂಬ ಪಟ್ಟಿಯನ್ನು ಮಾಡುವುದಕ್ಕೆ ಮಾತ್ರ ಯಾರ ಅಪ್ಪಣೆಯೂ ಬೇಕಾಗಿಲ್ಲ. ಡ್ರೋನುಗಳ ಮಾದರಿಗೆ ಪ್ರಮಾಣಪತ್ರ ಕೊಡುವ ಪರೀಕ್ಷೆಯಲ್ಲಿ ಶಬ್ದಕ್ಕೂ ಒಂದು ಸ್ಥಾನವಿರಬೇಕು.

ಇನ್ನು ಕಾನೂನಿನ ವಿಷಯ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮು ವಿದ್ಯುನ್ಮಾನ ದಾಖಲೆಗಳನ್ನು ಸಾಕ್ಷ್ಯವಾಗಿ ಸ್ವೀಕರಿಸುವ ಕ್ರಮವನ್ನು ಹೇಳುತ್ತದೆ. ಆ ಕಾಲದಲ್ಲಿ ಗಣಕವು ಸರಿಯಾಗಿ ನಡೆಯುತ್ತಿದ್ದಿರಬೇಕು. ದಾಖಲೆಯ ಜತೆಗೆ ಪ್ರಮಾಣಪತ್ರವಿರಬೇಕು. ಅದರಲ್ಲಿ ಹ್ಯಾಷ್ ಎಂಬ ಅಂಕೆಯನ್ನು ನಮೂದಿಸಬೇಕು. ದಾಖಲೆಯನ್ನು ಆಮೇಲೆ ಯಾರೂ ತಿದ್ದಿಲ್ಲವೆಂಬುದಕ್ಕೆ ಈ ಅಂಕೆಯು ಒಳ್ಳೆಯ ಮುದ್ರೆ. ಆದರೆ ಶಬ್ದದ ಮೋಸದಲ್ಲಿ ದಾಖಲೆಯನ್ನು ಯಾರೂ ಆಮೇಲೆ ತಿದ್ದುವುದಿಲ್ಲ. ಹುಟ್ಟುವಾಗಲೇ ಅದು ಸುಳ್ಳಾಗಿ ಹುಟ್ಟಿರುತ್ತದೆ. ಗಣಕವೂ ಸರಿಯಾಗಿಯೇ ನಡೆಯುತ್ತಿರುತ್ತದೆ. ಯಾವ ಭಾಗವೂ ಕೆಟ್ಟಿರುವುದಿಲ್ಲವೆಂದು ಮೇಲೆಯೇ ಹೇಳಿದೆವು. ಹೀಗೆ ಕಾನೂನಿನ ಬಾಗಿಲುಗಳನ್ನೆಲ್ಲ ಕ್ರಮವಾಗಿ ದಾಟಿ, ಮೊಹರು ಹಾಕಿಸಿಕೊಂಡು, ಸುಳ್ಳು ವರದಿಯೊಂದು ಕಟಕಟೆಗೆ ಬಂದು ನಿಲ್ಲಬಹುದು. ನಮ್ಮ ವಕೀಲ ಮಿತ್ರರು ಈ ಸೂಕ್ಷ್ಮವನ್ನು ಗಮನಿಸಬೇಕಾಗಿ ಕೋರುತ್ತೇವೆ.

ಡ್ರೋನಿಲ್ಲದವರಿಗೆ ಇದರ ಗೊಡವೆಯಿಲ್ಲವೆಂದೂ ತಿಳಿಯಬಾರದು. 2022ರ ಜುಲೈಯಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರವು ಮೋಟಾರು ವಾಹನವನ್ನು ಹೇಗೆ ಓಡಿಸುತ್ತಾರೆಂಬುದನ್ನು ನೋಡಿ ವಿಮೆಯ ಕಂತನ್ನು ಗೊತ್ತುಮಾಡಲು ಕಂಪನಿಗಳಿಗೆ ಅನುಮತಿಯಿತ್ತಿತು. ಬ್ರೇಕನ್ನು ಥಟ್ಟನೆ ಹಾಕಿದರೋ, ತಿರುವಿನಲ್ಲಿ ಜೋರಾಗಿ ಹೋದರೋ ಎಂದು ಸಾಕ್ಷಿ ಹೇಳುವುದಕ್ಕೆ ಈ ಜಾತಿಯ ಸೆನ್ಸರುಗಳೇ ಬೇಕು. ಅದೇ ವರ್ಷದ ಕೊನೆಗೆ ಅಮೆರಿಕದಲ್ಲಿ, ಅಪಘಾತವನ್ನು ತಾನೇ ಅರಿತು ಸಹಾಯಕ್ಕೆ ಕರೆಯುವ ಹೊಸ ಫೋನುಗಳು ವಿನೋದದ ಉಯ್ಯಾಲೆಬಂಡಿಗಳಲ್ಲಿ ಕುಳಿತವರ ಜೇಬಿನಿಂದಲೂ ಹಿಮದ ಮೇಲೆ ಜಾರುವವರ ಜೇಬಿನಿಂದಲೂ ಅಪಘಾತವಾಯಿತೆಂದು ಕರೆಮಾಡಿ ಸಹಾಯದವರನ್ನು ಹೈರಾಣುಮಾಡಿದವು. ಅಲ್ಲಿ ಶತ್ರುವೂ ಇರಲಿಲ್ಲ, ಶಬ್ದವೂ ಇರಲಿಲ್ಲ. ಅಭ್ಯಾಸದಲ್ಲಿ ಕಾಣದ ಚಲನೆಯನ್ನು ಕಂಡಾಗ ಯಂತ್ರವು ತಪ್ಪು ತಿಳಿಯಿತು, ಅಷ್ಟೆ.

ನಮ್ಮ ಚಿಂತೆಯು ಹೆಚ್ಚಾಗಿ ಇರುವುದು ಬೇರೆಯವರ ವಿಷಯದಲ್ಲಿ. 2023ರ ನವೆಂಬರಿನಲ್ಲಿ ಕೇಂದ್ರ ಮಂತ್ರಿಮಂಡಲವು ಹೆಂಗಸರ ಸ್ವಸಹಾಯ ಸಂಘಗಳಿಗೆ ಡ್ರೋನುಗಳನ್ನು ಕೊಡಿಸುವ ಯೋಜನೆಯನ್ನು ಮಂಜೂರುಮಾಡಿತು. 15,000 ಸಂಘಗಳು, 1,261 ಕೋಟಿ ರೂಪಾಯಿ. ಬೆಲೆಯಲ್ಲಿ ನೂರಕ್ಕೆ 80ರಷ್ಟು, ಹೆಚ್ಚೆಂದರೆ 8 ಲಕ್ಷ ರೂಪಾಯಿ, ಸಹಾಯಧನ. ಹಾರಿಸುವವರಿಗೆ 15 ದಿನಗಳ ಶಿಕ್ಷಣ. ಯೋಜನೆಯು ಶ್ಲಾಘನೀಯವಾದದ್ದು. ಆದರೆ ಒಂದು ದಿನ ಯಾವುದೋ ಹಳ್ಳಿಯಲ್ಲಿ ಆ ಡ್ರೋನು ಔಷಧದ ತೊಟ್ಟಿಯ ಸಮೇತ ಪಕ್ಕದವರ ಹೊಲದ ಮೇಲೆ ಬಿತ್ತೆಂದು ಭಾವಿಸಿ. ಶಬ್ದದಿಂದಲೇ ಬೀಳಬೇಕೆಂದಿಲ್ಲ, ಸೆನ್ಸರು ಯಾವ ಕಾರಣದಿಂದ ತಪ್ಪು ಹೇಳಿದರೂ ಫಲ ಒಂದೇ. ಪಂಚರು ಕೂಡುತ್ತಾರೆ, ಮಹಜರು ಆಗುತ್ತದೆ. ಕಂಪನಿಯ ಏಜೆಂಟರು ಬಂದು ದಾಖಲೆಯನ್ನು ತೆಗೆದುನೋಡಿ, ಯಂತ್ರದಲ್ಲಿ ದೋಷವೇನೂ ಇಲ್ಲ, ಅದು ಒಮ್ಮೆಲೇ ಪಕ್ಕಕ್ಕೆ ವಾಲಿದೆ, ಹಾರಿಸಿದವರ ಕೈ ತಪ್ಪಿರಬೇಕು ಎನ್ನುತ್ತಾರೆ. 15 ದಿನ ಕಲಿತ ಆ ತಾಯಿಯು ಏನು ಹೇಳಬೇಕು? ಕಿವಿಗೆ ಏನೂ ಕೇಳಿಸಿರಲಿಲ್ಲ. ಕೈ ತಪ್ಪಿಲ್ಲವೆಂದು ಆಕೆಗೆ ಗೊತ್ತು. ಆಕೆಯ ಮಾತಿಗೆದುರಾಗಿ ಮೊಹರು ಹಾಕಿದ ಯಂತ್ರದ ಮಾತು ನಿಂತಿದೆ. ಸಂಘದ ಪಾಲಿನ ಸಾಲವೂ, ಪಕ್ಕದವರ ಬೆಳೆಯ ನಷ್ಟವೂ, ಊರವರ ಕುಹಕವೂ ಆಕೆಯ ತಲೆಯ ಮೇಲೆ ಬೀಳುತ್ತವೆ.

ಆಕೆಯನ್ನು ಬಿಡಿಸಬಲ್ಲ ಸಾಕ್ಷ್ಯವೂ ಆ ಯಂತ್ರದೊಳಗೇ ಇರುತ್ತದೆಂಬುದೇ ಇದರಲ್ಲಿ ಸ್ವಾರಸ್ಯ. ಹಾರಿಸಿದವರು ಕೊಟ್ಟ ಆಜ್ಞೆಗಳು, ಮೋಟಾರುಗಳು ಓಡಿದ ರೀತಿ, ಗೈರೋಸ್ಕೋಪಿನ ವರದಿ, ಇವು ಮೂರನ್ನೂ ಮಗ್ಗುಲಾಗಿಟ್ಟು ನೋಡಿದರೆ ಕೈ ತಪ್ಪಿತೋ ಸೆನ್ಸರು ತಪ್ಪಿತೋ ಬಹುಮಟ್ಟಿಗೆ ತಿಳಿಯುವುದು. ಹಾಗೆ ನೋಡುವುದೇ ಮೇಲೆ ಹೇಳಿದ ಕಲಿತ ಗಣಕದ ಕೆಲಸ. ಅದಕ್ಕೆ ವರದಿಯ ಸಾರಾಂಶ ಸಾಲದು. ಜಾಗ ಉಳಿಸಲೆಂದು ಸೆಕೆಂಡಿಗೆ ನಾಲ್ಕಾರು ಅಳತೆಗಳನ್ನು ಮಾತ್ರ ಇಟ್ಟುಕೊಂಡ ದಾಖಲೆಯಲ್ಲಿ ಶಬ್ದದ ಕಂಪನದ ಗುರುತು ಅಳಿಸಿಹೋಗಿರುತ್ತದೆ. ಸೆನ್ಸರು ಕೊಟ್ಟ ಮೂಲ ಅಳತೆಗಳು, ಕೊನೆಯ ಕೆಲವು ನಿಮಿಷಗಳದ್ದಾದರೂ, ಹಾಗೆಯೇ ಉಳಿದಿರಬೇಕು.

ಕೃಷಿ ಇಲಾಖೆಯವರಿಗೂ ಯೋಜನೆಯನ್ನು ನಡೆಸುವ ಕಂಪನಿಗಳಿಗೂ ನಾವು ಕೇಳುವುದು ಇಷ್ಟು. ಸರಕಾರದ ಹಣದಿಂದ ಕೊಳ್ಳುವ ಪ್ರತಿಯೊಂದು ಡ್ರೋನೂ ಮೂಲ ಅಳತೆಗಳನ್ನು ಉಳಿಸುವಂಥದಾಗಿರಬೇಕೆಂದು ಟೆಂಡರಿನಲ್ಲಿಯೇ ಬರೆಯಿರಿ. ಅಪಘಾತವಾದಾಗ ದಾಖಲೆಯನ್ನು ಓದುವವರು ಅದನ್ನು ಮಾರಿದ ಕಂಪನಿಯ ಏಜೆಂಟರಾಗಿರಬಾರದು. ವಿಶ್ವವಿದ್ಯಾಲಯದವರೋ ಸರಕಾರಿ ಪ್ರಯೋಗಶಾಲೆಯವರೋ ಆಗಿರಲಿ. ಅವರು ನೋಡಿ ಮುಗಿಸುವವರೆಗೆ ಹಾರಿಸಿದವರ ಮೇಲೆ ದಂಡವನ್ನಾಗಲಿ ವಸೂಲಿಯನ್ನಾಗಲಿ ಹೊರಿಸಬೇಡಿ. ಬಿದ್ದ ದಿವಸವೇ, ಮಹಜರಿಗೆ ಸಹಿ ಹಾಕುವ ಮುಂಚೆ, ಆ ದಾಖಲೆಯ ಒಂದು ಪ್ರತಿಯನ್ನು ಹಾರಿಸಿದವರ ಕೈಗೆ ರಶೀದಿ ಪಡೆದು ಕೊಡಿರಿ.